ಕೆಳಮನೆಯ ಅತ್ತೆ ಉಣ್ಣದ ಅನ್ನ

ಸಮೀಕ್ಷೆಗೆ ಬಂದವರು ನಮ್ಮ ಕೆಳಮನೆಯ ಅತ್ತೆ ಉಣ್ಣದ ಅನ್ನವನ್ನು ಅವರ ಊಟವೆಂದು ಬರೆದುಕೊಂಡು ಹೋದರು. ಅದು ತನ್ನ ಊಟವಲ್ಲವೆಂದು ಅತ್ತೆ ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ವೇದಿಕೆಯ ಮೇಲಿದ್ದವರು ನಕ್ಕರು. ಮುಂದೆ ನಾನು ಬರೆಯುವುದೆಲ್ಲ ಈ ಎರಡು ಸಂಗತಿಗಳ ವಿವರಣೆ ಮಾತ್ರ. ವರ್ಷಗಳು ಕಳೆದವು, ಇನ್ನೇಕೆ ಆ ಮಾತು ಎಂದು ಮನೆಯವರು ನನ್ನನ್ನು ಸುಮ್ಮನಾಗಿಸಲು ನೋಡುವುದುಂಟು. ವರ್ಷಗಳು ಕಳೆದದ್ದು ನಿಜ. ತಪ್ಪನ್ನು ಯಾರೂ ತಿದ್ದಲಿಲ್ಲವೆಂಬುದೂ ಅಷ್ಟೇ ನಿಜ.

ಕಳೆದ ತಿಂಗಳು ಕಣ್ಣಿನ ಪರೀಕ್ಷೆಗೆಂದು ಪುತ್ತೂರಿಗೆ ಹೋಗಿದ್ದೆ. ಕಣ್ಣಿಗೆ ಮದ್ದು ಬಿಟ್ಟು, ಕರೆಯುವ ತನಕ ಮುಚ್ಚಿಕೊಂಡೇ ಕುಳಿತಿರಬೇಕೆಂದು ನರ್ಸ್ ಹೇಳಿ ಹೋದಳು. ಕಣ್ಣು ಮುಚ್ಚಿದರೆ ಮೂಗು ಚುರುಕಾಗುತ್ತದೆಯೋ ಏನೋ. ಆಸ್ಪತ್ರೆಯ ಹಿಂಬದಿಯ ಕ್ಯಾಂಟೀನಿನಿಂದ ಕುಚ್ಚಲಕ್ಕಿ ಗಂಜಿ ಬೇಯುವ ವಾಸನೆ ಬಂತು. ಒದ್ದೆ ಹುಲ್ಲಿನಂತೆ, ಬಿಸಿಲು ಕುಡಿದ ಚಾಪೆಯಂತೆ, ಸ್ವಲ್ಪ ಹೊಗೆಯಂತೆ... ಬೇರೆ ಯಾವ ಅಕ್ಕಿಗೂ ಆ ವಾಸನೆಯಿಲ್ಲ. ಮುಚ್ಚಿದ ಕಣ್ಣಿನೊಳಗೆ ಅತ್ತೆ ಬಂದು, ಸೆರಗಿನಿಂದ ಮುಚ್ಚಳ ಹಿಡಿದೆತ್ತಿ, ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದರು.

ಅವರು ನನಗೆ ನೆಂಟರೇನೂ ಅಲ್ಲ. ಮರ್ಕಂಜದ ಕಡೆ ನಮ್ಮ ಮನೆಯಿಂದ ಮಣ್ಣಿನ ಕಡಿದಾದ ದರೆ ಇಳಿದರೆ ಸಿಗುವ ಹೆಂಚಿನ ಮನೆ ಅವರದು. ಮನೆಯಲ್ಲಿ ಅರೆಭಾಷೆ ಮಾತಾಡುವವರು, ನನ್ನ ಹತ್ತಿರ ಮಾತ್ರ ಕನ್ನಡ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾದ್ದರಿಂದ ಆ ಮರ್ಯಾದೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಊರಿನ ಅರ್ಧ ಜನ ಕರೆಯುತ್ತಿದ್ದಂತೆ ನಾನೂ ಅತ್ತೆ ಎಂದೇ ಕರೆದೆ. ಗಂಡ ಬೇಗ ತೀರಿಕೊಂಡಿದ್ದರು. ಮಗಳು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಕೈ ಎಲೆಯ ಮೇಲೆ, ಕಣ್ಣು ದಾರಿಯ ಮೇಲೆ, ನಾಲಗೆ ನಮ್ಮೆಲ್ಲರ ಮೇಲೆ. ಯಾರ ಮೇಲಾದರೂ ಸಿಟ್ಟಾಗಿ ನಾನು ಅವರ ಜಗಲಿಗೆ ಹೋದರೆ, "ನಿವೃತ್ತಿ ಆದ್ರೆ ಎಂತ, ಬೆತ್ತ ಇನ್ನೂ ನಿಮ್ಮ ಬಾಯಲ್ಲಿ ಉಂಟಲ್ಲ ಟೀಚರೇ" ಎನ್ನುತ್ತಿದ್ದರು. ಅವರು ಹೇಳಿದ್ದಕ್ಕೆ ನಾನು ಬೇಸರಿಸಿದ್ದಿಲ್ಲ. ಬೇರೆಯವರು ಹೇಳಿದ್ದನ್ನು ಬಿಟ್ಟದ್ದೂ ಇಲ್ಲ.

ನಮ್ಮ ಕಡೆಯ ಅಕ್ಕಿಯ ವಿಷಯವನ್ನು ಇಲ್ಲಿ ಹೇಳಬೇಕು, ಏಕೆಂದರೆ ದೊಡ್ಡ ದೊಡ್ಡವರಿಗೇ ಅದು ಅರ್ಥವಾಗಲಿಲ್ಲ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದರೆ ಬರುವುದು ಕುಚ್ಚಲಕ್ಕಿ. ದಿನದ ಗಂಜಿ, ದಿನದ ಊಟ ಅದರದ್ದು. ಬೇಯಿಸದ ಭತ್ತದಿಂದ ಬರುವ ಬಿಳಿಯ ಅಕ್ಕಿ ಬೆಳ್ತಿಗೆ. ಅದು ಹಬ್ಬಕ್ಕೆ, ಮದುವೆಗೆ, ದೇವರ ನೈವೇದ್ಯಕ್ಕೆ, ದೋಸೆಗೆ. ಮತ್ತು ಮುಖ್ಯವಾಗಿ, ಬಂದ ಅತಿಥಿಗೆ. ಘಟ್ಟದ ಮೇಲಿನಿಂದ ಯಾರಾದರೂ ಬಂದರಂತೂ ಕೇಳುವುದೇ ಬೇಡ. ಕುಚ್ಚಲಕ್ಕಿಯ ದಪ್ಪ ಅನ್ನ ಅವರ ಗಂಟಲಲ್ಲಿ ಇಳಿಯುವುದಿಲ್ಲವೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಅತ್ತೆಯ ಮನೆಗೆ ಹಿಂದೆ ಗದ್ದೆಯಿತ್ತು. ಭತ್ತವನ್ನು ಅಂಗಳದಲ್ಲೇ ಹಂಡೆಯಲ್ಲಿ ಬೇಯಿಸುತ್ತಿದ್ದರು. ಪಾಲಾದ ಮೇಲೆ ಗದ್ದೆ ಮೈದುನನ ಕಡೆಗೆ ಹೋಯಿತು, ಮೈದುನ ಅದರಲ್ಲಿ ರಬ್ಬರ್ ಹಾಕಿದ. ಆಮೇಲೆ ಸೊಸೈಟಿಯ ಪಡಿತರವೇ ಗತಿ. ಸೊಸೈಟಿಯಲ್ಲಿ ಸಿಗುತ್ತಿದ್ದುದು ಬೆಳ್ತಿಗೆ. ಹುಟ್ಟಿದಂದಿನಿಂದ ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಹೊಟ್ಟೆಗೆ ಅದು ಒಗ್ಗಲಿಲ್ಲ. ಉಂಡ ಸ್ವಲ್ಪ ಹೊತ್ತಿಗೇ ಹಸಿವು, ಹಸಿವಿನ ಹಿಂದೆ ಹೊಟ್ಟೆಯುರಿ. ದೋಸೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅವರು ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿ ಕುಚ್ಚಲಕ್ಕಿಗೆ ಬದಲಾಯಿಸಿ ತರುತ್ತಿದ್ದರು. ಹೋಗುವಾಗಿನ ಚೀಲಕ್ಕೂ ಬರುವಾಗಿನ ಚೀಲಕ್ಕೂ ಬಹಳ ವ್ಯತ್ಯಾಸ. ತಿಂಗಳ ಕೊನೆಗೆ ಗಂಜಿಯಲ್ಲಿ ತಿಳಿಯೇ ಹೆಚ್ಚು, ಅಗುಳು ಕಡಿಮೆ. ಇದರ ಮೇಲೆ, ಪಡಿತರದ ಅಕ್ಕಿಯನ್ನು ಮಾರಿದವರ, ಬದಲಾಯಿಸಿದವರ ಕಾರ್ಡು ರದ್ದಾಗುತ್ತದೆಂದು ಸೊಸೈಟಿಯ ಗೋಡೆಗೆ ನೋಟಿಸು ಅಂಟಿಸಿದರು. ಅಂದಿನಿಂದ ಅತ್ತೆ ಅಕ್ಕಿಯ ಮೇಲೆ ಬಸಳೆಯ ಕಟ್ಟು ಇಟ್ಟುಕೊಂಡು, ಕಳ್ಳಮಾಲು ಸಾಗಿಸುವವರಂತೆ ಬಸ್ಸು ಹತ್ತಬೇಕಾಯಿತು. ತನ್ನ ಅನ್ನಕ್ಕಾಗಿ ತನ್ನದೇ ಅಕ್ಕಿಯನ್ನು ಬಚ್ಚಿಟ್ಟುಕೊಂಡು ಹೋಗುವ ಸ್ಥಿತಿ.

ಆಗ ಬಂತು ಸಮೀಕ್ಷೆ. ದೇಶದ ಜನ ಏನು ಉಣ್ಣುತ್ತಾರೆಂದು ಮನೆ ಮನೆಗೆ ಬಂದು ತೂಗಿ ನೋಡುವುದು, ಅದರ ಆಧಾರದಲ್ಲಿ ಯಾವ ಊರಿಗೆ ಯಾವ ಧಾನ್ಯ ಕೊಡಬೇಕೆಂದು ನಿರ್ಧರಿಸುವುದು; ಹೀಗೆಂದು ಅಂಗನವಾಡಿ ಟೀಚರ್ ಮನೆ ಮನೆಗೆ ಹೇಳಿ ಹೋದಳು. ಎಲ್ಲ ಮನೆಗಳಿಗೂ ಬರುವುದಿಲ್ಲ, ಆರಿಸಿದ ಮನೆಗಳಿಗೆ ಮಾತ್ರ. ನಮ್ಮ ಬೈಲಿನಲ್ಲಿ, ಅಂದರೆ ಗದ್ದೆಬದಿಯ ಈ ಕೆಲವು ಮನೆಗಳಲ್ಲಿ, ಆರಿಸಿದ್ದು ಅತ್ತೆಯ ಮನೆಯನ್ನು. ಆ ಸಂಜೆ ಅವರು ದರೆ ಹತ್ತಿ ನಮ್ಮ ಮನೆಗೆ ಬಂದರು. ಮೊಣಕಾಲು ನೋವಿದ್ದರಿಂದ ಅವರು ಸುಮ್ಮನೆ ಹತ್ತುವವರಲ್ಲ.

"ಸರಕಾರವೇ ಕೇಳ್ಲಿಕ್ಕೆ ಬರ್ತದಂತೆ ಟೀಚರೇ, ನೀವು ಎಂತ ಉಣ್ಣುದು ಅಂತ. ಇನ್ನು ಬಸಳೆ ಕಟ್ಟು ಹೊರುವ ಕೆಲಸ ಇಲ್ಲ."

ಅವರ ಮುಖದಲ್ಲಿ ಅಂಥ ನಂಬಿಕೆಯನ್ನು ನಾನು ಅದಕ್ಕಿಂತ ಮೊದಲು ಕಂಡದ್ದು ನೆನಪಿಲ್ಲ. ನನಗೂ ನಂಬಿಕೆ ಬಂತು. ಅಳತೆ ಎಂಬುದನ್ನು ಮಕ್ಕಳಿಗೆ ಗೌರವದಿಂದ ಕಲಿಸಿದವಳು ನಾನು. ತೂಗಿ ನೋಡಿ ತೀರ್ಮಾನಿಸುತ್ತಾರೆಂದರೆ ಅದಕ್ಕಿಂತ ನ್ಯಾಯ ಬೇರೆ ಯಾವುದಿದೆ ಎಂದುಕೊಂಡೆ...

ಸಮೀಕ್ಷೆಯವರು ಬರುವ ದಿನ ಬೆಳಗ್ಗೆ ನಾನು ಕೆಳಗಿಳಿದು ಹೋದಾಗ ಅಡುಗೆಮನೆಯಲ್ಲಿ ಕಂಡದ್ದೇನು? ಮೊರದಲ್ಲಿ ಬೆಳ್ತಿಗೆ. ಪಕ್ಕದಲ್ಲಿ ಸಾಂಬಾರಿಗೆ ತೌತೆ, ಪಲ್ಯಕ್ಕೆ ಅಲಸಂಡೆ, ಪಾಯಸಕ್ಕೆ ಕಡ್ಲೆಬೇಳೆ, ಬೆಲ್ಲ. ಜಗಲಿಯಲ್ಲಿ ತೊಳೆದು ಕವುಚಿಟ್ಟ ಬಾಳೆಲೆ. ಬೆಳಗ್ಗಿನ ಗಂಜಿಯ ಪಾತ್ರೆಯೂ, ಅದರ ಜೊತೆಗಿನ ಒಣ ಸಿಗಡಿ ಚಟ್ನಿಯೂ ಹಿಂದಿನ ಚಾವಡಿಯಲ್ಲಿ ಬುಟ್ಟಿಯಡಿ ಅಡಗಿದ್ದವು. ಬಂದವರು ಮೀನು ತಿನ್ನುವವರೋ ಅಲ್ಲವೋ, ವಾಸನೆ ಬಡಿಯಬಾರದಲ್ಲ!

ಇದೇನು ಮಾಡುತ್ತಿದ್ದೀರಿ, ಅವರು ಬರುವುದು ನೀವು ದಿನಾ ಏನು ಉಣ್ಣುತ್ತೀರೆಂದು ನೋಡಲಿಕ್ಕೆ, ಗಂಜಿಯನ್ನೇ ತೋರಿಸಿ ಎಂದೆ. ಅತ್ತೆ ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವಂತೆ ನೋಡಿದರು. ತೋರಿಸುವುದೇನು, ಬಾಯಲ್ಲೇ ಹೇಳುತ್ತೇನೆ, ಹೇಳಿದ್ದನ್ನು ಬರೆದುಕೊಳ್ಳುವುದು ತಾನೇ ಅವರ ಕೆಲಸ ಎಂದರು. ಆಮೇಲೆ ತೆಂಗಿನಕಾಯಿ ಒಡೆಯುತ್ತ, "ಎಲ್ಲಿಂದಲೋ ಬಂದವರಿಗೆ ಹೊತ್ತಿನ ಊಟ ಹಾಕದೆ ಕಳಿಸ್ಲಿಕ್ಕೆ ಆಗ್ತದಾ ಮಾರಾಯ್ರೆ? ಊರಿನ ಮಾನದ ಪ್ರಶ್ನೆ" ಎಂದರು.

ಬಂದವರು ಇಬ್ಬರು. ತಕ್ಕಡಿ ಹಿಡಿದ ಒಬ್ಬ ಹುಡುಗಿ, ಅವಳ ಮೇಲೆ ಒಬ್ಬ ಮೇಲ್ವಿಚಾರಕ. ಇಬ್ಬರೂ ಘಟ್ಟದ ಮೇಲಿನವರು. ಮೇಲ್ವಿಚಾರಕ ಚಪ್ಪಲಿಯನ್ನು ಹೊಸಿಲಿನವರೆಗೂ ಹಾಕಿಕೊಂಡು ಬಂದು, ತನ್ನ ಬ್ಯಾಗನ್ನು ಅರೆಯುವ ಕಲ್ಲಿನ ಮೇಲಿಟ್ಟ. ಅತ್ತೆ ಕೊಟ್ಟ ಬೆಲ್ಲ ನೀರನ್ನು ಮುಟ್ಟಲಿಲ್ಲ. ಇವೆಲ್ಲ ಸಣ್ಣ ವಿಷಯಗಳೆಂದು ಬಿಡುವವರು ಬಿಡಲಿ. ಹುಡುಗಿ ಮಾತ್ರ ಒಳ್ಳೆಯವಳು. ಅಕ್ಕಿ, ಬೇಳೆ, ತೌತೆ, ಎಣ್ಣೆ ಎಲ್ಲವನ್ನೂ ಜಾಗ್ರತೆಯಿಂದ ತೂಗಿ ಹೇಳಿದಳು, ಆತ ಬರೆದುಕೊಂಡ. ತೂಗುತ್ತಿರುವಾಗಲೇ ಅತ್ತೆ ಸ್ಪಷ್ಟವಾಗಿ ಹೇಳಿದರು. ನಾನು ಅಲ್ಲೇ ಇದ್ದೆ, ಒಂದು ಅಕ್ಷರವನ್ನೂ ಮರೆತಿಲ್ಲ.

"ಇದು ನಿಮಗೆ ಬೇಯಿಸುದು. ನಾವು ಉಣ್ಣುದು ಕುಚ್ಚಲಕ್ಕಿ ಗಂಜಿ. ನಮಗೆ ಸೊಸೈಟಿಯಲ್ಲಿ ಅದನ್ನೇ ಕೊಡ್ಲಿಕ್ಕೆ ಹೇಳಿ."

"ಆಯ್ತಮ್ಮ, ಅದೆಲ್ಲ ನಾಳೆ ಕೇಳ್ತೀವಿ. ಇವತ್ತು ತೂಕ ಅಷ್ಟೆ" ಎಂದು ಆತ ತಲೆಯೆತ್ತದೆ ಹೇಳಿದ.

ಅಡುಗೆಯಾಯಿತು. ಅತ್ತೆ ಎಲೆ ಹಾಕಿದರು, ನೀರಿಟ್ಟರು, ಬನ್ನಿ ಎಂದರು. ಮೇಲ್ವಿಚಾರಕ ಬ್ಯಾಗು ಹೆಗಲಿಗೇರಿಸಿಕೊಂಡು, ಸಮೀಕ್ಷೆಯ ಮನೆಯಲ್ಲಿ ಏನನ್ನೂ ತಿನ್ನಬಾರದೆಂದು ತಮಗೆ ನಿಯಮವಿದೆ ಎಂದ. ಹುಡುಗಿ ಆಗಲೇ ಎಲೆಯ ಮುಂದೆ ಅರ್ಧ ಬಗ್ಗಿದ್ದಳು. ಆತನ ಮುಖ ನೋಡಿ ನೆಟ್ಟಗಾದಳು. ಅತ್ತೆ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದರು. ಒಂದು ತುತ್ತು ಪಾಯಸವಾದರೂ ಎಂದು ಕೇಳಿದರು. ಆತ ಗಡಿಯಾರ ನೋಡಿದ. ನಿಯಮವಿದ್ದರೆ ಅಕ್ಕಿ ತೂಗುವ ಮೊದಲೇ ಹೇಳಬಹುದಿತ್ತು. ಇದು ನಿಮಗೆ ಬೇಯಿಸುವುದೆಂದು ಅತ್ತೆ ಹೇಳಿದಾಗಲೇ ಬೇಡವೆನ್ನಬಹುದಿತ್ತು. ಹೇಳಲಿಲ್ಲ. ತೂಗಿಕೊಂಡರು, ಬರೆದುಕೊಂಡರು, ಬಿಟ್ಟು ಹೋದರು.

ಆ ಅನ್ನವನ್ನು ಏನು ಮಾಡುವುದು? ಮಧ್ಯಾಹ್ನ ನಾನು ಸ್ವಲ್ಪ ಉಂಡೆ. ಸಂಜೆ ಅತ್ತೆ ಉಳಿದದ್ದನ್ನು ಪಾತ್ರೆಯೊಂದಿಗೇ ಹೊತ್ತು ತಂದು ನಮ್ಮ ಹಟ್ಟಿಯ ಹಸುವಿನ ಬಾಲ್ದಿಗೆ ಸುರಿದರು. ಅತಿಥಿಗೆಂದು ಬೇಯಿಸಿದ್ದನ್ನು ದನಕ್ಕೆ ಹಾಕಬೇಕಾದ ಸಂಕಟ ಆ ಬೆನ್ನಿನಲ್ಲೇ ಕಾಣುತ್ತಿತ್ತು. ಆಮೇಲೆ ಮನೆಗೆ ಹೋಗಿ ತಣ್ಣಗಾದ ಗಂಜಿ ಉಂಡರು.

ಮರುದಿನ ಆ ಇಬ್ಬರೂ ಪುನಃ ಬಂದರು, ನಿನ್ನೆ ಏನೇನು ಉಂಡಿರೆಂದು ಬಾಯಲ್ಲಿ ಕೇಳಿ ಬರೆದುಕೊಳ್ಳಲು. ಅತ್ತೆ ಗಂಜಿ ಎಂದರು. ಹಾಗಾದರೆ ನಿನ್ನೆ ನಾವು ತೂಗಿದ ಅನ್ನ ಎಲ್ಲಿ ಹೋಯಿತು ಎಂದು ಮೇಲ್ವಿಚಾರಕ ಕೇಳಿದ.

"ಅದು ನಿಮಗೆ ಮಾಡಿದ್ದು."

"ನಾವು ಊಟ ಮಾಡ್ಲಿಲ್ವಲ್ಲಮ್ಮ."

"ಅದು ನಮ್ಮ ತಪ್ಪಾ?"

ಹುಡುಗಿಗೆ ನಗು ಬಂತು, ನುಂಗಿಕೊಂಡಳು. ಆತ ತನಗಿರುವ ಕ್ರಮವನ್ನು ವಿವರಿಸಿದ. ಅತಿಥಿಗಳು ಉಂಡಿದ್ದರೆ ಅವರ ಪಾಲನ್ನು ಕಳೆಯಬಹುದು, ಅತಿಥಿಗಳು ಉಂಡಿಲ್ಲ. ಹೊರಗೆ ಯಾರಿಗಾದರೂ ಕೊಟ್ಟಿದ್ದರೆ, ದನಕ್ಕೆ ಹಾಕಿದ್ದರೆ ಅದನ್ನೂ ಕಳೆಯಬಹುದು, ಹಾಗೇನಾದರೂ ಆಗಿದೆಯೇ? ಅತ್ತೆ ಬಾಯಿ ತೆರೆದವರು ಮುಚ್ಚಿಕೊಂಡರು. ನನಗೆ ತಕ್ಷಣ ಹೊಳೆಯಿತು. ಆ ಅನ್ನ ಪಡಿತರದ ಅಕ್ಕಿಯದು. ಬದಲಾಯಿಸಿದರೇ ಕಾರ್ಡು ರದ್ದಾಗುವುದಾದರೆ, ದನಕ್ಕೆ ಹಾಕಿದೆನೆಂದು ಸರಕಾರದವರ ಎದುರೇ ಒಪ್ಪಿಕೊಂಡರೆ ಏನಾದೀತು? ಅವರು ನನ್ನನ್ನು ನೋಡಿದರು. ನಾನು ಮುಂದೆ ಬಂದು, ಆ ಅನ್ನವನ್ನು ಇವರು ಉಂಡಿಲ್ಲ, ನಾನು ಕಣ್ಣಾರೆ ಕಂಡವಳು ಎಂದು ಹೇಳತೊಡಗಿದೆ. ಮೇಲ್ವಿಚಾರಕ ಕೈಯೆತ್ತಿ ತಡೆದ.

"ನಿಮ್ಮ ಮನೆ ಆಯ್ಕೆ ಆಗಿಲ್ಲ ಮೇಡಂ. ನೀವು ಮಧ್ಯೆ ಮಾತಾಡೋ ಹಾಗಿಲ್ಲ."

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವಳಿಗೆ ಮಾತಾಡುವ ಹಾಗಿಲ್ಲವೆಂದು ಹೇಳಿದವರು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ. ಆತ ತೂಗಿದ್ದೇ ಪ್ರಮಾಣವೆಂದು ಬರೆದು ಮುಗಿಸಿದ. ಸಿಗಡಿ ಚಟ್ನಿಯನ್ನಂತೂ ಯಾರೂ ಕೇಳಲೇ ಇಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬಹಳ ತಿಂಗಳುಗಳ ನಂತರ ಪುತ್ತೂರಿನಲ್ಲಿ ಆಹಾರ, ಪೋಷಣೆ ಎಂದು ಒಂದು ಮಾಹಿತಿ ಸಭೆ ನಡೆಯಿತು. ಸಭಾಂಗಣ ತುಂಬಬೇಕಲ್ಲ, ಮಹಿಳೆಯರ ಸ್ವಸಹಾಯ ಸಂಘಗಳಿಗೆ ಬಸ್ಸು ಮಾಡಿ ಕರೆಸಿದ್ದರು. ಅತ್ತೆಯೊಂದಿಗೆ ನಾನೂ ಹೋದೆ. ಅಧಿಕಾರಿಗಳು ಬರುವುದು ತಡವಾದ್ದರಿಂದ ಹೆಂಗಸರ ಮಾತು ಶುರುವಾಯಿತು. ನಮ್ಮ ಪಕ್ಕದಲ್ಲಿ ಕಡಬದ ಕಡೆಯವರು, ಹಿಂದೆ ಸವಣೂರಿನವರು. ತೂಗುವವರು ಬಂದಿದ್ದರಾ ಎಂದು ಅತ್ತೆಯೇ ವಿಷಯ ತೆಗೆದರು. ಬಂದಿದ್ದರಂತೆ. ಏನು ಮಾಡಿದಿರಿ ಎಂದರೆ, ಎಲ್ಲ ಕಡೆಯೂ ಒಂದೇ ಕಥೆ. ಕಡಬದವಳು ಬೆಳ್ತಿಗೆ ಅನ್ನ, ಸೇಮಿಗೆ ಪಾಯಸ ಮಾಡಿದ್ದಳು. ಸವಣೂರಿನವಳು ಅಕ್ಕಿ ಮುಗಿದಿತ್ತೆಂದು ಪಕ್ಕದ ಮನೆಯಿಂದ ಬೆಳ್ತಿಗೆ ಸಾಲ ತಂದು ಬೇಯಿಸಿದ್ದಳು. "ಪುಣ್ಯಾತ್ಮರು ಒಂದು ಹಪ್ಪಳ ಸಹ ಮುರೀಲಿಲ್ಲ ಅಕ್ಕ, ನಾವು ಮೂರು ದಿವಸ ಪಾಯಸವೇ ಕುಡಿದದ್ದು" ಎಂದು ಅವಳು ಹೇಳಿದಾಗ ಆ ಸಾಲಿಗೆ ಸಾಲೇ ನಕ್ಕಿತು. ಅತ್ತೆಯೂ ನಕ್ಕರು. ನಾನು ನಗಲಿಲ್ಲ. ಮೂರು ಊರುಗಳ ಊಟ ಏನೆಂದು ಬರೆದುಕೊಂಡಿರಬಹುದೆಂದು ನನಗಾಗಲೇ ಅಂದಾಜಾಗಿತ್ತು.

ಅಂದಾಜು ತಪ್ಪಾಗಲಿಲ್ಲ. ಒಬ್ಬ ಹಿರಿಯ ಅಧಿಕಾರಿ ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತ, ಈ ಭಾಗದ ಮನೆಗಳಲ್ಲೂ ಈಗ ಬಿಳಿ ಅಕ್ಕಿಯೇ ರೂಢಿಯಾಗಿದೆ, ಬೇಳೆ ಬೆಲ್ಲಗಳ ಬಳಕೆಯೂ ತೃಪ್ತಿಕರವಾಗಿದೆ, ಹಾಗಾಗಿ ಪಡಿತರದಲ್ಲಿ ಕುಚ್ಚಲಕ್ಕಿಯೇ ಬೇಕೆಂಬ ಬೇಡಿಕೆ ಭಾವನಾತ್ಮಕವೇ ಹೊರತು ವಾಸ್ತವವಲ್ಲ ಎಂದ. ಭಾವನಾತ್ಮಕ! ಹೊಟ್ಟೆಯುರಿಯನ್ನು ಆ ಹೆಸರಿನಿಂದ ಕರೆದದ್ದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ನಾನು ಏಳಬೇಕೆನ್ನುವಷ್ಟರಲ್ಲಿ ಅತ್ತೆ ಎದುರಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತಾಗಿತ್ತು.

"ಸಾರ್, ಅದು ನಾವು ಉಂಡದ್ದಲ್ಲ. ನಿಮ್ಮ ಜನಕ್ಕೆ ಅಂತ ಬೇಯಿಸಿದ್ದು."

ಅಧಿಕಾರಿ ಮುಗುಳ್ನಕ್ಕು, ಒಂದು ಮನೆಯಲ್ಲಿ ಹಾಗೆ ಆಗಿರಬಹುದು, ಇಷ್ಟೂ ಮನೆಗಳಲ್ಲಿ ಹಾಗೆ ಮಾಡುತ್ತಾರೆಯೇ ಎಂದು ಕೇಳಿದ. ಅತ್ತೆ ತಿರುಗಿ ಹೆಂಗಸರತ್ತ ನೋಡಿ, ಬೆಳ್ತಿಗೆ ಬೇಯಿಸಿದವರು ಕೈ ಎತ್ತಿ ಎಂದರು. ಅರ್ಧ ಗಂಟೆ ಮೊದಲು ನಗುತ್ತ ಹೇಳಿದ್ದ ಕಡಬದವಳು ತನ್ನ ಸೀರೆಯ ನೆರಿಗೆ ನೋಡಿಕೊಂಡಳು. ಸವಣೂರಿನವಳು ಮಗುವಿನ ಮೂಗು ಒರೆಸಿದಳು. ಒಂದು ಕೈಯೂ ಏಳಲಿಲ್ಲ. ವೇದಿಕೆಯ ತುದಿಯ ಕುರ್ಚಿಯಲ್ಲಿ ಪಡಿತರ ಕಾರ್ಡುಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಕುಳಿತಿದ್ದ. ಕೈಯೆತ್ತಿದರೆ ಮುಂದಿನ ಪ್ರಶ್ನೆ, ಹಾಗಾದರೆ ನಾವು ಕೊಡುವ ಬೆಳ್ತಿಗೆಯನ್ನು ಏನು ಮಾಡುತ್ತೀರಿ ಎಂಬುದು. ಆ ಹೆಂಗಸರನ್ನು ನಾನು ದೂರುವುದಿಲ್ಲ.

"ಕೂತ್ಕೊಳ್ಳಿ ಅಜ್ಜಿ" ಎಂದ ಅಧಿಕಾರಿ. ವೇದಿಕೆ ನಕ್ಕಿತು. ಅತ್ತೆ ಕೂರಲಿಲ್ಲ, ಸೀದಾ ಹೊರಗೆ ನಡೆದರು. ನಾನು ಹಿಂದೆಯೇ ಹೋದೆ. ಬಸ್ಸಿಗೆ ಕಾಯುತ್ತಿರುವಾಗ ಅವರು, "ಉಂಡು ಹೋಗಿದ್ರೆ ಇಷ್ಟು ಬೇಜಾರಿರಲಿಲ್ಲ ಟೀಚರೇ" ಎಂದರು. ಅಷ್ಟೇ.

ಸ್ವಲ್ಪ ಸಮಯದಲ್ಲಿ ಪೇಟೆಯ ಅಂಗಡಿಯವನೂ ಹೆದರಿ ಬದಲಾಯಿಸಿ ಕೊಡುವುದನ್ನು ನಿಲ್ಲಿಸಿದ. ನಾನು ಕುಚ್ಚಲಕ್ಕಿ ಕೊಂಡು ಕಳಿಸಿದರೆ ಒಮ್ಮೆ ತೆಗೆದುಕೊಂಡರು, ಎರಡನೆಯ ಸಲ ಮಗಳ ಕೈಯಲ್ಲಿ ಹಿಂದೆ ಕಳಿಸಿದರು. ಅವರ ಅಭಿಮಾನ ಅಂಥದು. ಬೆಳ್ತಿಗೆಯದೇ ಗಂಜಿ ಮಾಡಿ, ಅಂಟಿನಂತಾದ ಅದನ್ನು ಉಪ್ಪಿನಕಾಯಿ ನೆಕ್ಕಿಕೊಂಡು ಕುಡಿಯುತ್ತಿದ್ದರು. ಅರ್ಧದಲ್ಲೇ ಬಟ್ಟಲು ಕೆಳಗಿಡುತ್ತಿದ್ದರು... ಕೊನೆಯ ಮಳೆಗಾಲದಲ್ಲಿ ಬಹಳ ಸೋತುಹೋಗಿದ್ದರು. ಅವರು ತೀರಿಕೊಂಡದ್ದು ಅಕ್ಕಿಯಿಂದ ಎಂದು ನಾನು ಹೇಳುವುದಿಲ್ಲ. ವಿಜ್ಞಾನ ಕಲಿಸಿದವಳು, ಆಧಾರವಿಲ್ಲದ್ದನ್ನು ಹೇಳಲಾರೆ. ಬದುಕಿನ ಕೊನೆಯ ವರ್ಷಗಳಲ್ಲಿ ತನಗೆ ಬೇಕಾದ ಗಂಜಿಯನ್ನು ಹೊಟ್ಟೆ ತುಂಬ ಉಣ್ಣದೆ ಹೋದರೆಂದು ಮಾತ್ರ ಹೇಳಬಲ್ಲೆ. ಅದಕ್ಕೆ ಆಧಾರ ನನ್ನ ಕಣ್ಣು.

ಉತ್ತರಕ್ರಿಯೆಯ ದಿನ ತೀರಿಹೋದವರಿಗೆಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುವ ಕ್ರಮ ನಮ್ಮಲ್ಲಿದೆ. ಬಂದ ಜನಕ್ಕೆಲ್ಲ ಬೆಳ್ತಿಗೆ ಅನ್ನ, ಪಾಯಸ. ಅತ್ತೆಯ ಎಲೆಗೆ ಮಗಳು ಕುಚ್ಚಲಕ್ಕಿಯನ್ನೇ ಬಡಿಸಿದಳು. ಮೈದುನನ ಹೆಂಡತಿ ಸಿಗಡಿ ಚಟ್ನಿ ತಂದಿಟ್ಟಳು, ಬೈಲಿನ ಇನ್ನೊಂದು ಮನೆಯವರು ಉಪ್ಪಿನಲ್ಲಿ ಹಾಕಿಟ್ಟ ಅಡ್ಡೆ ಮಾವಿನಕಾಯಿ ತಂದರು. ಯಾರೂ ಯಾರನ್ನೂ ಕೇಳಿರಲಿಲ್ಲ. ಈ ಹೆಂಗಸು ಏನು ಉಣ್ಣುತ್ತಿದ್ದಳೆಂದು ಬೈಲಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು, ಅದನ್ನು ತಿಳಿಯಲೆಂದೇ ತಕ್ಕಡಿ ಹಿಡಿದು ಬಂದವರಿಗೆ ಮಾತ್ರ.

ಪುತ್ತೂರಿನ ಆ ಆಸ್ಪತ್ರೆಯಲ್ಲಿ ನನ್ನ ಹೆಸರು ಕರೆದಾಗ ಎದ್ದು ಒಳಗೆ ಹೋದೆ. ಕಣ್ಣು ಯಾಕೆ ಇಷ್ಟು ಒದ್ದೆಯಾಗಿದೆ, ಮದ್ದು ಉರಿಯಿತೇ ಎಂದು ಡಾಕ್ಟರು ಕೇಳಿದರು. ಹೌದೆಂದೆ. ಕೆಳಮನೆಗೆ ಈಗ ಬೀಗ. ಮಗಳು ಕಾರ್ಖಾನೆಯ ಹತ್ತಿರವೇ ಬಾಡಿಗೆ ಕೋಣೆಯಲ್ಲಿದ್ದಾಳೆ. ನನ್ನ ಸಿಟ್ಟನ್ನು ತಮಾಷೆ ಮಾಡುವವರು ಈ ಬೈಲಿನಲ್ಲಿ ಇನ್ನಾರೂ ಉಳಿದಿಲ್ಲ. ಮತ್ತೊಂದು ಸಮೀಕ್ಷೆ ಬರುತ್ತದೆಂದು ಮೊನ್ನೆ ಪಂಚಾಯತಿನವರು ಹೇಳಿದರು. ಬರಲಿ. ಸಮೀಕ್ಷೆಯವರೇ, ಇಲ್ಲಿ ಯಾವ ಮನೆಗೆ ಹೋದರೂ ನಿಮಗೆಂದು ಬೆಳ್ತಿಗೆ ಬೇಯುತ್ತದೆ, ಎಲೆ ಹಾಕುತ್ತಾರೆ. ಆ ಗುಣವನ್ನು ನಿಮ್ಮ ಸಲುವಾಗಿ ನಾವು ಬಿಡುವವರಲ್ಲ. ನೀವು ಹೋದ ಮೇಲೆ ತಾನು ಉಣ್ಣುವುದು ಏನೆಂದು ಬೇಯಿಸಿದವಳು ಹೇಳಿದರೆ, ಮಾನ್ಯರೇ, ಈ ಸಲವಾದರೂ ಅವಳ ಮಾತನ್ನು ನಂಬುತ್ತೀರಾ?